ಎಲ್‌ಇಡಿ ಬಲ್ಬಿನವರಿಗೆ ದೀಪ ಆರಿಸುವವನ ಅಹವಾಲು

ನಮ್ಮ ಮನೆಯ ಊಟದ ಮೇಜಿನ ಮೇಲೆ ನೇತಾಡುತ್ತಿರುವ, ಒಂಬತ್ತು ವ್ಯಾಟಿನ, ತಣ್ಣನೆಯ ಸ್ವಭಾವದ ಶ್ರೀಯುತ ಎಲ್‌ಇಡಿ ಬಲ್ಬಿನವರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ. ನಾಲ್ಕು ವರ್ಷಗಳಿಂದ ಒಮ್ಮೆಯೂ ಕಣ್ಣು ಮಿಟುಕಿಸದವರ ಕ್ಷೇಮ ಕತ್ತೆತ್ತಿದರೆ ಕಾಣುತ್ತದೆ. ಕೆಳಗೆ ಕುಳಿತಿರುವ ನನ್ನ ಕ್ಷೇಮದ ಬಗ್ಗೆ ಎರಡು ಮಾತು ಅರಿಕೆ ಮಾಡಿಕೊಳ್ಳಲು ಅಪ್ಪಣೆಯಾಗಬೇಕು.

ನಾನು ವಿದ್ಯುತ್ ಕೇಂದ್ರದಲ್ಲಿ ಕಲ್ಲಿದ್ದಲು ಸಾಗಿಸುವ ಬೆಲ್ಟಿನ ಪಕ್ಕ ಮೂವತ್ತೊಂದು ವರ್ಷ ನಿಂತು ನಿವೃತ್ತನಾದವನು. ಮನೆಗೆ ಬಂದು ಮೂಗೊರೆಸಿದರೆ ಕರವಸ್ತ್ರ ಕಪ್ಪಾಗುತ್ತಿತ್ತು. ಹಾಗಾಗಿ ಖಾಲಿ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ಬೇರೆಯವರಿಗೆ ಬೆಳಕು ಕಾಣುತ್ತದೆ, ನನಗೆ ಚಿಮಣಿ ಕಾಣುತ್ತದೆ. ತಮ್ಮ ಪೂರ್ವಾಧಿಕಾರಿಗಳಾದ ಅರವತ್ತು ವ್ಯಾಟಿನ ಹಳೇ ಬಲ್ಬಿನವರಂತೂ ತಿಂದದ್ದರಲ್ಲಿ ಹತ್ತನೇ ಒಂದು ಪಾಲನ್ನೂ ಸರಿಯಾಗಿ ಬೆಳಕಿಗೆ ಕೊಡದೆ, ಉಳಿದದ್ದರಲ್ಲಿ ಮೈ ಬಿಸಿಮಾಡಿಕೊಂಡು ಕೂತಿರುತ್ತಿದ್ದರು. ಅವರನ್ನು ಆರಿಸುವ ಕೆಲಸಕ್ಕೆ ಯಾರೂ ನೇಮಿಸದಿದ್ದರೂ ನಾನೇ ಅದನ್ನು ವಹಿಸಿಕೊಂಡು, ಸಂಜೆಯಾದರೆ ಕೋಣೆ ಕೋಣೆ ಸುತ್ತಿ, "ಇದೇನು ಮದುವೆ ಮನೆಯಾ?" ಎಂದು ಕೇಳುತ್ತಾ ಸ್ವಿಚ್ಚು ಒತ್ತುತ್ತಾ ಸಾಗುತ್ತಿದ್ದೆ. ಒಮ್ಮೊಮ್ಮೆ ಒಳಗೆ ಜನ ಇರುತ್ತಿದ್ದುದು ನಿಜ. ಮುಖಕ್ಕೆ ಸೋಪು ಹಚ್ಚಿಕೊಂಡಿದ್ದ ಮನೆಯಾಕೆ ಸ್ನಾನದ ಮನೆಯಿಂದ, "ರೀ, ನಾನಿನ್ನೂ ಬದುಕಿದೀನಿ" ಎಂದು ಕೂಗಿದ್ದೂ ನಿಜ.

ಈ ಗಸ್ತಿನ ಕೊನೆಯ ಠಾಣೆ ಮಗಳ ಕೋಣೆ. ಶಾಲೆಯಲ್ಲಿ ಗಣಿತ ಕಲಿಸುವ ಆಕೆ ಉತ್ತರಪತ್ರಿಕೆ ತಿದ್ದಲು ಮೇಜಿನ ದೀಪ ಸಾಲದೆಂದು ಗೋಡೆಯದನ್ನೂ ಹಾಕಿಕೊಂಡಿರುತ್ತಿದ್ದಳು. ನಾನು ಗದರುವುದು, ಅವಳು ವಾದಿಸುವುದು, ವಾದ ಮುಂದುವರಿಸಲು ನಾನು ಮಂಚದ ತುದಿಯಲ್ಲಿ ಕೂರುವುದು, ಕೂತ ಮೇಲೆ ಅವಳ ಶಾಲೆಯ ಸುದ್ದಿ, ಹೆಡ್‌ಮಾಸ್ಟರರು ಎಲ್ಲೋ ಇಟ್ಟು ಮರೆತ ಕನ್ನಡಕ, ಹೀಗೆ ಅರ್ಧ ಗಂಟೆ. ಸುಮ್ಮನೆ ಒಳಗೆ ಹೋಗಿ "ಹೇಗಿದ್ದೀಯಮ್ಮ" ಎಂದು ಕೇಳುವುದು ನನ್ನಂಥ ಅಪ್ಪಂದಿರಿಗೆ ಬರುವುದಿಲ್ಲ. ಕೈಯಲ್ಲೊಂದು ದೂರು ಇದ್ದರೆ ಮಾತ್ರ ಹೊಸಿಲು ದಾಟುವ ಧೈರ್ಯ.

ಇಂಥ ಮನೆಗೆ ಮಗಳೇ ತಮ್ಮನ್ನು ಹತ್ತು ಮಂದಿ ಬಂಧುಗಳ ಸಮೇತ ಕರೆತಂದಳು. ಮರುದಿನ ಗದರಲು ಹೋದರೆ, ತಲೆ ಕೂಡ ಎತ್ತದೆ, "ಅಪ್ಪಾ, ಅರವತ್ತಿದ್ದಲ್ಲಿ ಈಗ ಒಂಬತ್ತು. ಆರು ದೀಪ ಹಾಕಿದ್ರೂ ನಿಮ್ಮ ಹಳೇ ಒಂದರಷ್ಟಾಗಲ್ಲ. ಹೋಗಿ ಆರಾಮಾಗಿ ಕೂತ್ಕೊಳ್ಳಿ" ಎಂದಳು. ಲೆಕ್ಕದಲ್ಲಿ ತಪ್ಪು ಹುಡುಕಿದೆ, ಇರಲಿಲ್ಲ. ಹೋಗಿ ಆರಾಮಾಗಿ ಕೂತೆ. ಅಂದಿನಿಂದ ಕೂತೇ ಇದ್ದೇನೆ.

ತಮ್ಮ ಗುಣಗಳನ್ನು ಅಲ್ಲಗಳೆಯುವ ಕೃತಘ್ನ ನಾನಲ್ಲ. ಮಿತವಾಗಿ ಉಣ್ಣುತ್ತೀರಿ, ಸಿಡುಕಿ ಬಿಸಿಯಾಗುವುದಿಲ್ಲ, ಟ್ಯೂಬ್‌ಲೈಟಿನವರ ಹಾಗೆ ಹೊಟ್ಟೆಯಲ್ಲಿ ಪಾದರಸ ಇಟ್ಟುಕೊಂಡಿಲ್ಲ, ವರ್ಷಗಟ್ಟಲೆ ಸಾಯದೆ ಕಸದ ಬುಟ್ಟಿಗೂ ತೊಂದರೆ ಕೊಡುವುದಿಲ್ಲ. ಮನೆ ಮನೆಯಲ್ಲಿ ತಾವು ಉಳಿಸಿದಷ್ಟೂ ನನ್ನ ಹಳೆಯ ಬೆಲ್ಟಿನ ಮೇಲೆ ಕಲ್ಲಿದ್ದಲು ತೆಳ್ಳಗಾಗುತ್ತದೆ, ಇಂದು ಅದರ ಪಕ್ಕ ನಿಂತವನ ಕರವಸ್ತ್ರ ಅಷ್ಟಷ್ಟು ಬಿಳಿ ಉಳಿಯುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಷ್ಟು ಸಜ್ಜನರ ಮೇಲೆ ಹೇಗೆ ದೂರು ಕೊಡಲಿ ಎಂಬುದೇ ನನ್ನ ದೂರು. ಆದ್ದರಿಂದ ತಮ್ಮ ಬಳಗದವರು ದಿನಕ್ಕೆ ಅರ್ಧ ಗಂಟೆ, ಮಗಳ ಕೋಣೆಯಲ್ಲಿ ಮಾತ್ರ, ಅರವತ್ತು ವ್ಯಾಟಿನವರಂತೆ ನಟಿಸಬೇಕು. ಸಾಧ್ಯವಾದರೆ ತುಸು ಬೆವರಬೇಕು. ಕಲ್ಲಿದ್ದಲು ಮಾತ್ರ ಒಂದು ಚೂರೂ ಹೆಚ್ಚು ಸುಡಕೂಡದು.

ಇಷ್ಟು ಬರೆಯುವಾಗ ರಜಾದಿನದ ಬೆಳಿಗ್ಗೆ ಹನ್ನೊಂದು ಗಂಟೆ. ಬೆಳಿಗ್ಗೆ ಪೇಪರ್ ಓದಲು ಹಾಕಿದ ತಮ್ಮನ್ನು ಆರಿಸುವುದನ್ನು ನಾನೇ ಮರೆತಿದ್ದೆ. ಆ ದಾರಿಯಲ್ಲಿ ಬಂದ ಮಗಳು, "ಏನಪ್ಪಾ, ಇಷ್ಟು ಬಿಸಿಲಲ್ಲಿ ಲೈಟು? ಇದೇನು ಮದುವೆ ಮನೆಯಾ?" ಎಂದು ಟಪ್ಪೆಂದು ಆರಿಸಿದಳು. "ಒಂಬತ್ತೇ ವ್ಯಾಟಲ್ವೇನಮ್ಮ" ಎಂದೆ. "ಒಂಬತ್ತಾದ್ರೂ ಸುಮ್ಮನೆ ಯಾಕೆ ಉರೀಬೇಕು?" ಎಂದು ವಾದಕ್ಕಿಳಿದು, ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ಹೆಡ್‌ಮಾಸ್ಟರರ ಕನ್ನಡಕ ಕೊನೆಗೂ ಸಿಕ್ಕಿತಂತೆ. ಮಾತು ಮುಗಿದಾಗ ಊಟದ ಹೊತ್ತು.

ಮೇಲ್ಕಂಡ ಬೇಡಿಕೆಯನ್ನು ಸವಿನಯವಾಗಿ ಹಿಂತೆಗೆದುಕೊಂಡಿದ್ದೇನೆ.

ತಮ್ಮ ವಿಶ್ವಾಸಿ,
ಎರಡು ಕೆಲಸಗಳಿಂದಲೂ ನಿವೃತ್ತನಾದ ಒಬ್ಬ ಅಪ್ಪ

ತಾ.ಕ.: ಮುಂದಿನ ರಜೆಗೂ ತಮ್ಮನ್ನು ಆರಿಸಲು ಮರೆಯುವವನಿದ್ದೇನೆ. ಆ ಖರ್ಚು ಸರಿದೂಗಲೆಂದು ಸ್ನಾನದ ಮನೆಯಲ್ಲಿರುವ ತಮ್ಮ ಸೋದರರನ್ನು ಅಷ್ಟು ಹೊತ್ತು ಆರಿಸಿಡುತ್ತೇನೆ. ಆಗ ಒಳಗೆ ಮನೆಯಾಕೆ ಇದ್ದರೆ, ನಾನು ಸಜ್ಜನನೆಂದು ತಾವೇ ಬಂದು ಸಾಕ್ಷಿ ಹೇಳತಕ್ಕದ್ದು.