ಕಹಿ ಕುಡಿಸುವ ಮಾವ

ನಮ್ಮ ಮಾವನ ಮನೆಗೆ ಒಮ್ಮೆ ಹೋದವರು ಎರಡನೇ ಸಲ ಹೋಗುವುದಿಲ್ಲ. ಹಾಗಂತ ಅವನು ಜಗಳಗಂಟನಲ್ಲ, ಜಿಪುಣನೂ ಅಲ್ಲ. ಬಂಗುಡೆ ಹುರಿದು ಬಡಿಸುವುದರಲ್ಲಿ ಇಡೀ ಕಾರವಾರದಲ್ಲಿ ಅವನಿಗೆ ಸಮನಿಲ್ಲ. ತಪ್ಪೆಲ್ಲ ಬಂದವರಿಗೆ ಅವನು ಕುಡಿಸುವ ಆ ನೆಗ್ರೋನಿಯದು!

ಮಾವ ಎಂದರೆ ನಮ್ಮ ಆಯಿಯ ತಮ್ಮ. ಇಪ್ಪತ್ತೆಂಟು ವರ್ಷ ಪ್ರವಾಸಿ ಹಡಗಿನ ಬಾರಿನಲ್ಲಿ ಗ್ಲಾಸು ತುಂಬಿಸುತ್ತ, ಮದುವೆಯನ್ನು ಮುಂದಿನ ರಜೆಗೆ, ಅದರ ಮುಂದಿನ ರಜೆಗೆ ಎಂದು ದೂಡುತ್ತ, ಕೊನೆಗೆ ಒಬ್ಬನೇ ಬಂದು ಕಾರವಾರದ ಹಬ್ಬುವಾಡದಲ್ಲಿ ಮನೆ ಮಾಡಿದವನು. ಹಡಗಿನಿಂದ ಬಂದವರು ಟಿವಿ ತರುತ್ತಾರೆ, ಸೆಂಟು ತರುತ್ತಾರೆ. ಇವನು ತಂದದ್ದು ಒಂದು ಕಹಿ! ಸಂಜೆ ಆರಾಯಿತೆಂದರೆ ಇಸ್ತ್ರಿ ಅಂಗಿ ತೊಟ್ಟು ಜಿನ್ ಒಂದು ಪಾಲು, ವರ್ಮುತ್ ಎಂಬ ಸಿಹಿ ವೈನ್ ಒಂದು ಪಾಲು, ಕೆಂಪು ಬಣ್ಣದ ಕಹಿ ಮದ್ಯ ಒಂದು ಪಾಲು ಅಳೆದು ಐಸಿನ ಮೇಲೆ ಸುರಿಯುತ್ತಾನೆ. ಮೇಲೊಂದು ಕಿತ್ತಳೆ ಸಿಪ್ಪೆ ಇಟ್ಟರೆ ಅದೇ ನೆಗ್ರೋನಿ. ನೋಡಿದರೆ ಬಾಯಲ್ಲಿ ನೀರು, ಕುಡಿದರೆ ಕಣ್ಣಲ್ಲಿ.

"ಜಗತ್ತು ನೂರು ವರ್ಷದಿಂದ ಇದನ್ನ ಕುಡೀತದೆ. ಸುಮ್ನೆ ಕುಡೀತದಾ?" ಎಂಬುದು ಅವನ ವಾದ.

ಕಿನ್ನರ ಹಳ್ಳಿಯ ನಮ್ಮ ಭಾವ ಒಮ್ಮೆ ಸಿಕ್ಕಿಬಿದ್ದ. ಒಂದು ಗುಟುಕು ಕುಡಿದು ಬಹಳ ಹೊತ್ತು ಕಣ್ಣು ಮುಚ್ಚಿ ಕೂತ. ಮಾವ ಆಸೆಯಿಂದ "ಹೆಂಗದೆ?" ಎಂದ.

"ಇದು ಕಿರಾತಕಡ್ಡಿ ಕಷಾಯ ಅಲ್ವಾ ಮಾವಾ? ನಮ್ಮಲ್ಲೂ ಹೊಟ್ಟೆಹುಳಕ್ಕೆ ಕುಡಿಸ್ತೇವೆ. ಆದ್ರೆ ಅದಕ್ಕೆ ಅಂಗಿ ಇಸ್ತ್ರಿ ಮಾಡ್ಕಳ್ಳುದಿಲ್ಲ."

ಇನ್ನೊಮ್ಮೆ ನಾವೆಲ್ಲ ಅಂಕೋಲೆಯಿಂದ ಊಟಕ್ಕೆ ಹೋಗಿದ್ದೆವು. ಆಯಿ ತಮ್ಮನ ಫ್ರಿಜ್ಜಿನಲ್ಲಿದ್ದ ಕೆಂಪು ಬಾಟಲಿ ಕಂಡು, ಕೋಕಂ ಹುಳಿಯ ರಸವೆಂದು ತಿಳಿದು, ತೆಂಗಿನ ಹಾಲಿಗೆ ಅರ್ಧ ಬಾಟಲಿ ಸುರಿದು ಅನ್ನಕ್ಕೆ ಸೋಲಕಡಿ ಮಾಡಿಬಿಟ್ಟಳು! ಬೆಳ್ಳುಳ್ಳಿ, ಹಸಿಮೆಣಸು ಎಲ್ಲ ಹಾಕಿ. ಮೊದಲ ತುತ್ತಿಗೇ ಎಲ್ಲರ ಮುಖ ಸೊಟ್ಟಗಾಯಿತು. ಮಾವ ಮಾತ್ರ ಎರಡು ಸಲ ಬಡಿಸಿಕೊಂಡ.

"ಕೋಕಂ ಹಳೇದಾಗಿತ್ತು ಕಾಣ್ತದೆ" ಎಂದಳು ಆಯಿ.

"ಇಲ್ಲ ಅಕ್ಕಾ, ಚಲೋ ಆಗದೆ. ಜಿನ್ ಒಂದೇ ಕಡಿಮೆ." ನಾವು ನಕ್ಕಾಗ ಅವನಿಗೆ ಸಿಟ್ಟು ಬಂತು. "ದೀಪಾವಳಿ ಬೆಳಿಗ್ಗೆ ಕಾರೀಟ ಕಾಯಿ ತುಳಿದು, ಅದರ ಕಹಿ ನಾಲಗೆಗೆ ಮುಟ್ಟಿಸ್ಕೊಳ್ಳೋರು ನೀವೇ ಅಲ್ಲವಾ? ನೀವು ವರ್ಷಕ್ಕೊಮ್ಮೆ, ನಾ ದಿನಾ. ಅಷ್ಟೇ ವ್ಯತ್ಯಾಸ."

ನನ್ನ ಕಥೆ ಇವರಿಗಿಂತ ಕಡೆ. ತಿಂಗಳಿಗೊಮ್ಮೆ ಆಫೀಸು ಕೆಲಸಕ್ಕೆ ಕಾರವಾರಕ್ಕೆ ಹೋದಾಗ ಮಾವನನ್ನು ನೋಡದೆ ಬರುವಂತಿಲ್ಲ. ತುಟಿಗೆ ಮುಟ್ಟಿಸಿದ ಹಾಗೆ ಮಾಡಿ, ಅವನು ಮೀನು ತರಲು ಒಳಗೆ ಹೋದಾಗ ಗ್ಲಾಸನ್ನು ಜಗಲಿಯ ಕ್ರೋಟನ್ ಕುಂಡಕ್ಕೆ ಸುರಿದು, ಬಸ್ಸು ತಪ್ಪುತ್ತದೆ ಎಂದು ಎದ್ದುಬಿಡುತ್ತಿದ್ದೆ. ಗಿಡವೋ ಸೊಂಪಾಗಿ ಬೆಳೆಯಿತು. ಆ ಮನೆಯಲ್ಲಿ ನೆಗ್ರೋನಿ ಒಗ್ಗಿದ್ದು ಅದೊಂದಕ್ಕೇ!

ಕಳೆದ ತಿಂಗಳು ಹೋದಾಗ ತಡೆಯಲಾರದೆ ಕೇಳಿಯೇಬಿಟ್ಟೆ. "ಮಾವಾ, ಬಂದವರಿಗೆ ಒಂದು ಬಿಯರ್ ಕೊಡಬಾರದಾ? ಜನ ಆದ್ರೂ ಬರ್ತಾರೆ."

ಮಾವ ಕಿತ್ತಳೆ ಸಿಪ್ಪೆ ಸುಲಿಯುತ್ತಿದ್ದ. ತಲೆ ಎತ್ತಲಿಲ್ಲ. "ಹಡಗಲ್ಲಿ ಬಿಯರ್ ಕೇಳಿದವ ಕುಡಿದು ಎದ್ದು ಹೋಗ್ತಿದ್ದ ತಮಾ. ಇದನ್ನ ಹಾಂಗೆ ಕುಡಿಯೂಕೆ ಆಗುದಿಲ್ಲ. ಗುಟುಕು ಗುಟುಕೇ ಆಗ್ಬೇಕು. ಇದನ್ನ ಕೇಳಿದವ ಒಂದು ತಾಸು ಕೂರ್ತಿದ್ದ. ಕೂತವ ಸುಮ್ನಿರ್ತಾನಾ? ನಿನ್ನ ಊರು ಯಾವ್ದು, ಮನೇಲಿ ಯಾರ್ಯಾರು ಅಂತ ಕೇಳ್ತಿದ್ದ. ಇಪ್ಪತ್ತೆಂಟು ವರ್ಷ ನಂಗೆ ಸಿಕ್ಕಿದ ಮಾತೆಲ್ಲ ಈ ಕಹಿಯದ್ದೇ."

ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ನಾವು ಕುಡಿಯಲಿ ಎಂದು ಅವನು ಕಾಯುತ್ತಿದ್ದಾನೆ ಅಂದುಕೊಂಡಿದ್ದೆವು. ಅವನು ಕಾಯುತ್ತಿದ್ದದ್ದು ನಾವು ಕೂರಲಿ ಎಂದು. ಹಡಗಿನಲ್ಲಿ ಜನರನ್ನು ಕೂರಿಸುತ್ತಿದ್ದ ಕಹಿಯೇ ಹಬ್ಬುವಾಡದಲ್ಲಿ ಅವರನ್ನು ಎಬ್ಬಿಸಿ ಕಳಿಸುತ್ತಿತ್ತು, ಪಾಪ, ಅದು ಅವನಿಗೆ ತಿಳಿಯಲೇ ಇಲ್ಲ.

ಒಂದು ಗುಟುಕು ಕುಡಿದೆ. ಕಹಿಯೆಂದರೆ ಕಹಿ. ನುಂಗಿಕೊಂಡು ಕೇಳಿದೆ. "ಮನೇಲಿ ಯಾರ್ಯಾರು ಅಂತ ಕೇಳಿದ್ರೆ ಏನು ಹೇಳ್ತಿದ್ದೆ ಮಾವಾ?"

"ಅಕ್ಕ ಇದ್ದಾಳೆ, ಅಕ್ಕನ ಮಗ ಇದ್ದಾನೆ ಅಂತಿದ್ದೆ." ಮಾವ ಸಿಪ್ಪೆಯನ್ನು ಗ್ಲಾಸಿನ ಅಂಚಿಗೆ ಸವರಿದ. "ನಾ ಊರಿಗೆ ಹೋದ್ರೆ ಆ ಹುಡುಗ ಸಂಜಿಕೆ ಬಂದು ಕೂತವ ಏಳುದೇ ಇಲ್ಲ ಅಂತಿದ್ದೆ."

ನಾನು ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡು ಇನ್ನೊಂದು ಗುಟುಕು ಕುಡಿದೆ.