ಅಜ್ಜಿಯ ಸೋಬಾನೆಗೆ ನಾನು ಹಾಕಿದ ಕತ್ತರಿ

ಜೋಪಾನ ಮಾಡುವವರನ್ನು ಕಂಡರೆ ನನಗೆ ಭಯ. ಮನೆಯಲ್ಲಿ ಸಾಮಾನು ಹಾಳಾಗುವುದು ಹೆಚ್ಚಾಗಿ ಅವರ ಕೈಯಿಂದಲೇ. ಸಿಕ್ಕಲ್ಲಿ ಬಿಸಾಡುವವನ ಛತ್ರಿ ಹತ್ತು ಮಳೆಗಾಲ ಬಾಳುತ್ತದೆ. ಒರೆಸಿ, ಬಟ್ಟೆ ಸುತ್ತಿ, ಅಟ್ಟದ ಮೇಲಿಟ್ಟವನ ಛತ್ರಿಯಲ್ಲಿ ಇಲಿ ಮರಿ ಹಾಕುತ್ತದೆ. ನಾನು ಒರೆಸಿ ಸುತ್ತಿಡುವವರ ಪೈಕಿ. ಮಧುಗಿರಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದು, ಊರವರ ಕಾಗದಪತ್ರ ಕಾಯುವುದೇ ಕಸುಬಾಗಿದ್ದರಿಂದ ಈ ಗುಣ ನನ್ನ ಜೊತೆ ಮನೆಗೂ ಬಂದುಬಿಟ್ಟಿತ್ತು. ಹೊಸದಾಗಿ ಏನು ತಂದರೂ ನನ್ನ ಹೆಂಡತಿ ಸರೋಜ ಮೊದಲು ಹೇಳುತ್ತಿದ್ದ ಮಾತು, "ರೀ, ದಯವಿಟ್ಟು ಇದನ್ನ ನೀವು ಚೆನ್ನಾಗಿ ನೋಡ್ಕೋಬೇಡಿ."

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಚೀಟಿ ಎತ್ತಿ ನಾವೊಂದು ಟೇಪ್ ರೆಕಾರ್ಡರ್ ಕೊಂಡಿದ್ದೆವು. ಅದನ್ನು ಮಡಿಲಲ್ಲಿಟ್ಟುಕೊಂಡು ದೀಪಾವಳಿಗೆ ಬಸ್ಸು ಹತ್ತಿ, ಪಾವಗಡದ ಹತ್ತಿರದ ಹಳ್ಳಿಯಲ್ಲಿದ್ದ ಸರೋಜಳ ಅಜ್ಜಿಯ ಮನೆಗೆ ಹೋದೆವು. ಕರಿಯಮ್ಮಜ್ಜಿ ಎಂದರೆ ಆ ಸೀಮೆಯ ಮದುವೆಗಳಿಗೆಲ್ಲ ಸೋಬಾನೆ ಹಾಡುವವರು. ಗಂಡನ್ನು ಎದುರುಗೊಳ್ಳುವುದಕ್ಕೊಂದು ಹಾಡು, ಅರಿಶಿನ ಹಚ್ಚುವುದಕ್ಕೊಂದು, ಧಾರೆಗೊಂದು, ಬೀಗರನ್ನು ಹಂಗಿಸುವುದಕ್ಕೊಂದು, ಕಟ್ಟಕಡೆಗೆ ಹೆಣ್ಣೊಪ್ಪಿಸುವುದಕ್ಕೊಂದು. ಎಲ್ಲವನ್ನೂ ಸಾಲಾಗಿ ಹಾಡಿಸಿ ಕ್ಯಾಸೆಟ್ಟಿಗೆ ತುಂಬಿಕೊಂಡೆವು. ತಿರುಗಿ ಹಾಕಿ ಕೇಳಿಸಿದಾಗ ಅಜ್ಜಿ ಡಬ್ಬಿಯ ಹಿಂದುಗಡೆ ಹೋಗಿ ಬಗ್ಗಿ ನೋಡಿ ಬಂದರು.

"ಬಾಗುಂದಪ್ಪಾ!" ಎಂದು ತೆಲುಗಿನಲ್ಲಿ ಮೆಚ್ಚಿ, ಆಮೇಲೆ ಕನ್ನಡಕ್ಕೆ ಬಂದರು. "ನೋಡಿ ಅಳಿಯಂದ್ರೇ, ಲಂಗ ಉಡೋ ಕಾಲದಿಂದ ಹಾಡ್ತಾ ಇವ್ನಿ. ಒಂದು ಮದ್ವೇಲೂ ಗಂಡಿನ ಮಖ ನೆಟ್ಟಗೆ ನೋಡ್ಲಿಲ್ಲ, ಪಾಯ್ಸ ಬಿಸಿಯಾಗಿರೋವಾಗ ಉಣ್ಲಿಲ್ಲ. ಶಿರಾದಾಗೆ ನಮ್ ಕಿರೀ ಮೊಮ್ಮಗಳ ಮದ್ವೆ ಐತಲ್ಲ, ಅವತ್ತು ಈ ಡಬ್ಬಿ ಹಾಡ್ಲಿ. ನಾನು ಕುರ್ಚಿ ಮ್ಯಾಲೆ ಕುಂತ್ಕೊಂಡು ಎಲೆ ಅಡಿಕೆ ಹಾಕ್ಕೊಂಡು ಕೇಳ್ತೀನಿ."

ಆ ಮಾತು ಕೇಳಿ ಸರೋಜಳ ಕಣ್ಣು ತುಂಬಿತು. ಕಿರಿಯ ಮೊಮ್ಮಗಳೆಂದರೆ ಸರೋಜಳ ತಂಗಿ. ಆ ಕ್ಯಾಸೆಟ್ಟನ್ನು ಜೀವದಂತೆ ಕಾಪಾಡುತ್ತೇನೆಂದು ನಾನು ಅಲ್ಲೇ ಮಾತು ಕೊಟ್ಟೆ. ಗ್ರಹಚಾರ ಅಂಟಿಕೊಂಡದ್ದು ಆಗಲೇ ಇರಬೇಕು.

ಮದುವೆಗೆ ಒಂದು ವಾರವಿತ್ತು. ಸರೋಜ ಕೆಲಸಕ್ಕೆ ಕೈಜೋಡಿಸಲು ತವರುಮನೆಗೆ ಮೊದಲೇ ಹೊರಟಳು. ಹೋಗುವಾಗ "ಕ್ಯಾಸೆಟ್ ಮುಟ್ಟಬೇಡಿ, ಹಾಗೇ ತನ್ನಿ" ಎಂದಳು. ನಾನು ಕ್ಯಾಸೆಟ್ ಮುಟ್ಟಲಿಲ್ಲ. ಡಬ್ಬಿ ಮದುವೆಯ ದಿನ ಕೈಕೊಡದಿರಲಿ, ಸಲೀಸಾಗಿ ಓಡಲಿ ಎಂದು ಹೊಲಿಗೆ ಮಷಿನ್ನಿನ ಎಣ್ಣೆಯನ್ನು ಒಳಗೆ ನಾಲ್ಕು ತೊಟ್ಟು ಬಿಟ್ಟೆ, ಅಷ್ಟೇ. ಪರೀಕ್ಷೆಗೆಂದು ಗುಂಡಿ ಒತ್ತಿದರೆ ಅಜ್ಜಿ "ಸೋ" ಎಂದವರು "ಬಾನೆ" ಎನ್ನಲೇ ಇಲ್ಲ. ಮುಚ್ಚಳ ತೆಗೆದೆ. ಒಳಗೆ ಶಾವಿಗೆ ಒತ್ತಿಟ್ಟ ಹಾಗೆ ಕಂದು ಬಣ್ಣದ ಟೇಪು ಸುತ್ತಿಕೊಂಡು ಕೂತಿತ್ತು. ಗಾಬರಿಯಲ್ಲಿ ಎಳೆದೆ. ಎಳೆದಷ್ಟೂ ಬಂತು, ಆಮೇಲೆ ಪಟ್ ಎಂದಿತು.

ಮರುದಿನ ಕಚೇರಿಯಲ್ಲಿ ಯಾರೂ ಕಡತ ಬಿಚ್ಚಲಿಲ್ಲ; ಎಲ್ಲರೂ ನನ್ನ ಕ್ಯಾಸೆಟ್ಟನ್ನೇ ಬಿಚ್ಚಿದರು. ಪೆನ್ಸಿಲ್ ತೂರಿಸಿ ತಿರುಗಿಸಿ ಎಂದರು ಒಬ್ಬರು. ಸುಕ್ಕು ಹೋಗಲು ಇಸ್ತ್ರಿ ಹಾಕಿ ಎಂದರು ಹೆಡ್ ಗುಮಾಸ್ತರು. ಅವರ ಮಾತು ತೆಗೆದುಹಾಕುವ ಧೈರ್ಯ ನನಗೆ ಎಂದೂ ಇರಲಿಲ್ಲವಾದ್ದರಿಂದ ಒಂದು ಗೇಣಿನಷ್ಟು ಟೇಪಿಗೆ ಇಸ್ತ್ರಿ ಹಾಕಿಯೂ ನೋಡಿದೆ. ಎಣ್ಣೆಗೆ ಬಿಟ್ಟ ಹಪ್ಪಳದಂತೆ ಮುದುರಿಕೊಂಡಿತು. ರೇಡಿಯೋ ಅಂಗಡಿಯವನು ಮಾತ್ರ "ಅಜ್ಜಿ ಇದಾರಾ? ಇದ್ರೆ ಇನ್ನೊಂದು ಸಲ ಹಾಡಿಸ್ಕೊಂಡ್ ಬನ್ನಿ ಸಾರ್" ಎಂದ. ಇಷ್ಟು ಸುಲಭದ ಸಲಹೆಯನ್ನು ನನ್ನಂಥ ಅನುಭವಸ್ಥ ಒಪ್ಪುವುದುಂಟೇ? ಅದೂ ಅಲ್ಲದೆ ಹಾಡಿಸಬೇಕೆಂದರೆ ಹಾಳು ಮಾಡಿದ್ದನ್ನು ಸರೋಜಳಿಗೆ ಹೇಳಬೇಕಿತ್ತು.

ಕಡೆಗೆ ಕಚೇರಿಯ ಶಿಸ್ತಿನಿಂದಲೇ ಕೆಲಸಕ್ಕೆ ಕೈಹಾಕಿದೆ. ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿ, ಹಾಳಾದ ಕಡೆಗಳಲ್ಲಿ ಕತ್ತರಿ ಹಾಕಿ, ಚೆನ್ನಾಗಿದ್ದ ತುಂಡುಗಳನ್ನು ಒಂದೊಂದಾಗಿ ದಾರದ ಖಾಲಿ ರೀಲುಗಳಿಗೆ ಸುತ್ತಿದೆ. ಪ್ರತಿಯೊಂದರ ತಲೆಯ ಕಡೆಗೆ ಶಾಯಿಯ ಗುರುತು. ಒಂದೊಂದನ್ನೂ ಒಂದು ಕಂದು ಲಕೋಟೆಗೆ ಹಾಕಿ, ಒಂದರ ಮೇಲೊಂದು ಪೇರಿಸಿದೆ. ಮರುಸಂಜೆ ಕೂತು, ಮೇಲಿನಿಂದ ಒಂದೊಂದೇ ಲಕೋಟೆ ತೆಗೆದು ಗಮ್‌ಟೇಪು ಹಚ್ಚಿ ಜೋಡಿಸಿದೆ. ಡಬ್ಬಿಯ ಎಣ್ಣೆಯನ್ನೂ ಚೆನ್ನಾಗಿ ಒರೆಸಿದೆ. ಗುಂಡಿ ಒತ್ತಿದಾಗ ಅಜ್ಜಿಯ ದನಿ ಕಂಚಿನ ಗಂಟೆಯಂತೆ ಬಂತು ನೋಡಿ, ಒಬ್ಬನೇ ಮನೆಯೊಳಗೆ ಕುಣಿದುಬಿಟ್ಟೆ. ಎದುರಿಗೆ ಮಧುಗಿರಿ ಬೆಟ್ಟವನ್ನು ನಿಲ್ಲಿಸಿದರೂ ಅವತ್ತು ಎತ್ತಿಬಿಡುತ್ತಿದ್ದೆನೇನೋ! ಟೇಪು ಸವೆಯಬಾರದೆಂದು ಮುಂದೆ ಕೇಳದೆ, ಬಟ್ಟೆ ಸುತ್ತಿ ಶಿರಾ ಬಸ್ಸು ಹತ್ತಿದೆ.

ಛತ್ರದಲ್ಲಿ ಕರಿಯಮ್ಮಜ್ಜಿ ಹೊಸ ಸೀರೆ ಉಟ್ಟು, ಮುಂದಿನ ಸಾಲಿನ ಕುರ್ಚಿಯಲ್ಲಿ ಕಾಲು ಮೇಲೆತ್ತಿಕೊಂಡು ಕೂತಿದ್ದರು. ಸಿಕ್ಕವರಿಗೆಲ್ಲ "ಇವತ್ತು ನಂದೇನೂ ಇಲ್ಲ ಕಣಮ್ಮ, ಡಬ್ಬಿ ನೋಡ್ಕೊಂತೈತೆ" ಎನ್ನುತ್ತಿದ್ದರು. ಗಂಡಿನ ಕಡೆಯವರು ವಾಲಗದೊಂದಿಗೆ ಬಾಗಿಲಿಗೆ ಬಂದರು. ಸರೋಜ ಆರತಿ ತಟ್ಟೆ ಹಿಡಿದು ನನಗೆ ಸನ್ನೆ ಮಾಡಿದಳು. ನಾನು ಗುಂಡಿ ಒತ್ತಿದೆ.

ಹೆಣ್ಣೊಪ್ಪಿಸುವ ಹಾಡು ಬಂತು. ಆ ಹಾಡು ಕಿವಿಗೆ ಬಿದ್ದರೆ ಅಳಬೇಕೆಂದು ನಮ್ಮ ಕಡೆಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲು ನಮ್ಮ ಅತ್ತೆ ಸೆರಗು ಕಣ್ಣಿಗೊತ್ತಿಕೊಂಡರು. ಅವರನ್ನು ನೋಡಿ ಚಿಕ್ಕತ್ತೆ, ಅವರನ್ನು ನೋಡಿ ಪಕ್ಕದ ಮನೆಯವರು. ಒಳಗಿನಿಂದ ಮದುಮಗಳೂ ಬಿಕ್ಕುವುದು ಕೇಳಿಸಿತು. ಇನ್ನೂ ಚಪ್ಪಲಿ ಬಿಡುತ್ತಿದ್ದ ಗಂಡು ಕಕ್ಕಾಬಿಕ್ಕಿಯಾಗಿ ಒಂದು ಕಾಲಲ್ಲೇ ನಿಂತ. ಅವನ ಸೋದರಮಾವ ಜೋರಾಗಿಯೇ ಕೇಳಿದ, "ಇದೇನ್ರೀ, ನಾವಿನ್ನೂ ಒಳೀಕೇ ಬಂದಿಲ್ಲ, ಆಗ್ಲೇ ಹೆಣ್ಣು ಕಳಿಸ್ತಾ ಇದ್ದೀರಾ!" ಗಾಬರಿಯಿಂದ ಟೇಪನ್ನು ಮುಂದಕ್ಕೆ ಓಡಿಸಿದೆ. ಬೀಗರನ್ನು ಹಂಗಿಸುವ ಹಾಡು ಬಂತು. ಬೀಗಿತ್ತಿಯ ಮುಖ ಕೆಂಪಗಾಯಿತು.

ಆಗ ನನಗೆ ಹೊಳೆಯಿತು. ಕಚೇರಿಯಲ್ಲಿ ಹೊಸ ಕಾಗದ ಯಾವಾಗಲೂ ಕಡತದ ಮೇಲ್ಗಡೆ, ಹಳೆಯದು ಅಡಿಗೆ. ವರ್ಷಗಟ್ಟಲೆ ಕಡತವನ್ನು ಮೇಲಿನಿಂದ ಓದಿದ ಕೈ, ಅಜ್ಜಿಯ ಹಾಡುಗಳನ್ನೂ ಮೇಲಿನಿಂದಲೇ, ಎಂದರೆ ಕಡೆಯ ಹಾಡಿನಿಂದಲೇ, ಜೋಡಿಸಿತ್ತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ಅಷ್ಟರಲ್ಲಿ ಕರಿಯಮ್ಮಜ್ಜಿ ಕುರ್ಚಿಯಿಂದ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೇರವಾಗಿ ಡಬ್ಬಿಯ ಮುಂದೆ ಬಂದು ನಿಂತರು. ಬೈದದ್ದು ನನ್ನನ್ನಲ್ಲ, ಒಳಗೆ ಹಾಡುತ್ತಿದ್ದ ತಮ್ಮನ್ನೇ. "ಲೇ ಮುದುಕಿ, ಬಾಯ್ಮುಚ್ಚೇ! ಗಂಡು ಬಾಗ್ಲಾಗೆ ನಿಂತವ್ನೆ, ನಿಂಗೆ ಬುದ್ಧಿ ಎಲ್ಲೋಯ್ತು?" ನನ್ನ ಕಡೆ ತಿರುಗಿ "ಆರ್ಸಿ ಅದನ್ನ" ಎಂದವರೇ, ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದು ಎದುರುಗೊಳ್ಳುವ ಹಾಡು ಎತ್ತಿಕೊಂಡರು. ಅಳುತ್ತಿದ್ದ ಹೆಂಗಸರೆಲ್ಲ ಮೂಗೊರೆಸಿಕೊಂಡು ಸೊಲ್ಲು ಹಿಡಿದರು. ಬೀಗಿತ್ತಿಯೂ ನಗುತ್ತಾ ದನಿಗೂಡಿಸಿದಳು. ಅಂಥ ಸೋಬಾನೆ ನಾನು ಮತ್ತೆ ಕೇಳಿಲ್ಲ. ಖುಷಿಗೆ ನನ್ನ ಮೈ ನವಿರೆದ್ದಿತು.

ಇದನ್ನು ಬಿಟ್ಟರೆ ಉಂಟೇ? ಓಡಿಹೋಗಿ ಪೇಟೆಯಿಂದ ಹೊಸ ಕ್ಯಾಸೆಟ್ ತಂದೆ. ಅರಿಶಿನದ ಹಾಡಿನಿಂದ ಹಿಡಿದು ಕೊನೆಯವರೆಗೂ ಡಬ್ಬಿಯನ್ನು ತೋಳಲ್ಲಿ ಹೊತ್ತು ಅಜ್ಜಿಯ ಹಿಂದೆಯೇ ತಿರುಗಿ ತುಂಬಿಸಿಕೊಂಡೆ. ಹೆಣ್ಣು ಕಳಿಸಿ, ಊಟ ಮುಗಿಸಿ, ಸಂಜೆ ಎಲ್ಲರೂ ಚಾಪೆ ಹಾಸಿ ಕೂತಾಗ ಸರೋಜ ಅಜ್ಜಿಗೆ ಮತ್ತೆ ಕುರ್ಚಿ ತಂದಿಟ್ಟಳು, ಮುಂದೆ ಬಿಸಿ ಮಾಡಿದ ಪಾಯಸ. ನಾನು ಗುಂಡಿ ಒತ್ತಿದೆ.

"ಶ್! ಗಲಾಟೆ ಮಾಡ್ಬೇಡಿ, ರೆಕಾರ್ಡ್ ಆಗ್ತಿದೆ!" ಎಂದಿತು ಡಬ್ಬಿ, ನನ್ನ ದನಿಯಲ್ಲಿ. "ಏ, ಬಳೆ ಸದ್ದು ಮಾಡ್ಬೇಡಮ್ಮ! ಯಾರ್ರೀ ಅದು ಕೆಮ್ಮಿದ್ದು? ಅಜ್ಜಿ, ಸ್ವಲ್ಪ ಜೋರಾಗಿ!" ಡಬ್ಬಿಗೆ ಎಲ್ಲರಿಗಿಂತ ಹತ್ತಿರವಿದ್ದ ಬಾಯಿ ನನ್ನದೇ ಎನ್ನುವುದು ನನಗೆ ಮರೆತೇ ಹೋಗಿತ್ತು. ನಡುನಡುವೆ ನಾನು ಉಸಿರೆಳೆದುಕೊಂಡಾಗ ಮಾತ್ರ ಅಜ್ಜಿಯ ಹಾಡು ತೇಲಿ ಬರುತ್ತಿತ್ತು. ಆಗೆಲ್ಲ ಅವರು ಪಾಯಸದ ಲೋಟ ಹಿಡಿದು, ಕಣ್ಣುಮುಚ್ಚಿ ತಲೆದೂಗುತ್ತಿದ್ದರು. ಮುಗಿದ ಮೇಲೆ ಬೊಚ್ಚುಬಾಯಿ ತುಂಬಾ ನಕ್ಕು ಹೇಳಿದರು, "ಕುಂತ್ಕೊಂಡು ಕೇಳ್ಬೇಕು ಅಂತಿದ್ದೆ, ಕೇಳ್ದೆ ಬುಡಿ. ಆದ್ರೆ ಅಳಿಯಂದ್ರೇ, ನಿಮ್ ಹಾಡೇ ಸೆಂದಾಗಿ ಬಂದೈತೆ."

ಅಂದಿನಿಂದ ಸರೋಜಳ ತವರಿನಲ್ಲಿ ನಾಲ್ಕು ಜನ ಸೇರಿದರೆ ಆ ಕ್ಯಾಸೆಟ್ ಹಾಕುತ್ತಾರೆ, ಬಿದ್ದು ಬಿದ್ದು ನಗುತ್ತಾರೆ. ಅದನ್ನು ಅಲ್ಲಿ ಯಾರೂ ಜೋಪಾನ ಮಾಡಿದವರಲ್ಲ. ಕಿಟಕಿಯ ಮೇಲೆ ಬಿಸಿಲಿಗೆ ಬಿದ್ದಿರುತ್ತದೆ, ಮಕ್ಕಳು ಚೆಂಡಿನಂತೆ ಎಸೆದಾಡುತ್ತಾರೆ. ನಾನೂ ಕಣ್ಣುತಪ್ಪಿಸಿ ಎಷ್ಟೋ ಸಲ ಅಲ್ಲಿಯ ಡಬ್ಬಿಗೆ ಹೊಲಿಗೆ ಮಷಿನ್ನಿನ ಎಣ್ಣೆ ಬಿಟ್ಟು ನೋಡಿದ್ದೇನೆ. ಹಾಳಾದದ್ದು, ಒಂದು ಸಲವೂ ಸಿಕ್ಕಿಕೊಂಡಿಲ್ಲ.