ಮುನ್ನೂರು ಮೀಟರಿನ ಗುಂಡು

ಬಂದೂಕಿನ ಬೆಲೆಯು ಅದರ ಗುಂಡು ಹೋಗಬೇಕಾದ ದೂರವನ್ನು ಅವಲಂಬಿಸಿರುತ್ತದೆ. ಕುಂಡಯಿಯ ಕನ್ನಡ ಶ್ರಮಿಕರ ಕ್ರೀಡಾ ಉತ್ತೇಜನ ಸಮಿತಿಯು ಈ ಸತ್ಯವನ್ನು ತನ್ನ ಮೂರನೇ ಸಭೆಯಲ್ಲಿ, ಚಹಾ ಆದ ಮೇಲೆ, ಸರ್ವಾನುಮತದಿಂದ ಒಪ್ಪಿಕೊಂಡಿತು.

ಸಮಿತಿ ಹುಟ್ಟಿದ್ದೇ ಗೀತಾಂಜಲಿಯ ಸಲುವಾಗಿ. ಆಕೆ ಅಲ್ಲಿಯ ಔಷಧ ಕಾರ್ಖಾನೆಯೊಂದರಲ್ಲಿ ಬಾಟಲಿಗಳಿಗೆ ಮುಚ್ಚಳ ಹಾಕುವ ದಿನಗೂಲಿ. ಶಾಲೆಯಲ್ಲಿದ್ದಾಗ ಎನ್‌ಸಿಸಿಯಲ್ಲಿ ಬಂದೂಕು ಹಿಡಿದು ಕಲಿತಿದ್ದಳು, ಕೈ ನಡುಗುತ್ತಿರಲಿಲ್ಲ. ವಾಸ್ಕೋದ ಸಪ್ತಾಹದ ಜಾತ್ರೆಯಲ್ಲಿ ಬಲೂನು ಹೊಡೆಸುವವನು ಆಕೆಯ ರೊಕ್ಕ ವಾಪಸು ಕೊಟ್ಟು, ದಯಮಾಡಿ ಬೇರೆ ಅಂಗಡಿ ನೋಡಿಕೊಳ್ಳಬೇಕೆಂದು ಕೈಮುಗಿದಿದ್ದ. ಅಷ್ಟರಲ್ಲಿ ಕಾರ್ಖಾನೆ ಮಾಲೀಕರ ಮಂಡಳಿಯೊಂದು ಕೂಲಿಕಾರರಿಗಾಗಿ ಮುನ್ನೂರು ಮೀಟರು ದೂರದ ಗುರಿ ಹೊಡೆಯುವ ಸ್ಪರ್ಧೆ ಸಾರಿತು. ಬಂದೂಕನ್ನು ಆಯಾ ತಂಡವೇ ತರಬೇಕು. ಗೆದ್ದವರಿಗೆ ಕಾಯಂ ನೌಕರಿ.

ಕಾಯಂ ನೌಕರಿ ಎಂದರೆ ಏನೆಂದು ಗೀತಾಂಜಲಿಗೆ ಚೆನ್ನಾಗಿ ಗೊತ್ತಿತ್ತು. ತಾಯಿ ಸತ್ಯವ್ವ ಸ್ಲ್ಯಾಬಿನ ಕೆಲಸದಲ್ಲಿ ಕಾಂಕ್ರೀಟಿನ ಬುಟ್ಟಿ ಸಾಗಿಸಿ ಸಾಗಿಸಿ, ಈಗ ತಲೆ ಬಾಚಿಕೊಳ್ಳಲೂ ಕೈ ಮೇಲೆತ್ತಲಾರಳು. ಮಗಳು ಕಾಯಂ ಆದರೆ ತಾಯಿ ಮನೆಯಲ್ಲಿ ಕೂರಬಹುದು. ಗೀತಾಂಜಲಿಗೆ ಬೇಕಾಗಿದ್ದದ್ದು ಇಷ್ಟೇ.

ಸಮಿತಿಯ ಅಧ್ಯಕ್ಷ ಠಾಕಪ್ಪ ಕೂಲಿ ಕಂತ್ರಾಟುದಾರ. ಅವನ ಕೈಕೆಳಗಿನ ಎಲ್ಲರ ಪಗಾರದಲ್ಲಿ, ಅವರ ಸ್ವಂತ ಇಚ್ಛೆಯ ಮೇರೆಗೆ, ಕೇಳದೆಯೇ ವಂತಿಗೆ ಹಿಡಿಯಲಾಯಿತು. ಗೀತಾಂಜಲಿಯನ್ನು ಸಭೆಗೆ ಕರೆಸಿ ಅಭಿಪ್ರಾಯ ಕೇಳಿದರು.

“ಹಳೇದಾದ್ರೂ ನಡಿತೈತ್ರಿ ಕಾಕಾ, ನಳಿಗಿ ಮಾತ್ರ ಚಲೋ ಇರಬೇಕು,” ಎಂದಳು ಆಕೆ. “ದುರ್ಬೀನು ಸಾದಾ ಇರ್ಲಿ. ಉಳಿದ ರೊಕ್ಕದಾಗ ಗುಂಡು ತರೂಣು. ರೂಢಿ ಆಗಬೇಕಲ್ರಿ.”

“ಭಾಳ ಶ್ಯಾಣ್ಯಾಕಿ ಅದಿ,” ಎಂದ ಠಾಕಪ್ಪ. ಅಭ್ಯರ್ಥಿಯ ಅಭಿಪ್ರಾಯವನ್ನು ಆಲಿಸಲಾಗಿದೆ ಎಂದು ದಾಖಲಾಯಿತು, ಆಕೆಯನ್ನು ಹೊರಗೆ ಕಳಿಸಲಾಯಿತು.

ನಂತರ ಸಮಿತಿಯು ನಿಯಮಾವಳಿ ರಚಿಸಿತು. ಬಂದೂಕನ್ನು ಕೊಳ್ಳುವ ಮುನ್ನ ಅದನ್ನು ಕಣ್ಣಾರೆ ಕಾಣತಕ್ಕದ್ದು. ಕಾಣಲು ಹೋದವರು ಹಸಿದಿರತಕ್ಕದ್ದಲ್ಲ. ಇದರನ್ವಯ ಸಮಿತಿಯವರೆಲ್ಲ ಪುಣೆಗೆ ಹೋಗಿ ಬಂದೂಕು ಕಂಡು, ಹಸಿಯದೆ ಮರಳಿದರು. ಬಂದೂಕು ಬಹಳ ಚಲೋ ಇತ್ತೆಂದೂ, ಅದನ್ನು ಕೊಳ್ಳಲು ಇದ್ದ ಹಣ ಅದನ್ನು ಕಾಣುವುದಕ್ಕೆ ಸರಿಹೋಯಿತೆಂದೂ ಠಾಕಪ್ಪ ವರದಿ ಒಪ್ಪಿಸಿದ. ಉಳಿದ ಚಿಲ್ಲರೆಯಲ್ಲಿ ಮಡಗಾಂವದ ಆಟದ ಸಾಮಾನಿನ ಅಂಗಡಿಯಿಂದ ಹತ್ತು ಮೀಟರಿನ ಗಾಳಿ ಬಂದೂಕು ಬಂತು. ಬಂದೂಕಿಗೆ ಹಾರ ಹಾಕಿ, ಕಾಯಿ ಒಡೆದರು.

ಉಸಗಾಂವದ ಬಯಲಿನಲ್ಲಿ ಪರೀಕ್ಷೆ ನಡೆಯಿತು. ಗೀತಾಂಜಲಿ ಉಸಿರು ಹಿಡಿದು ಹೊಡೆದಳು. ಗುಂಡು ಅರ್ಧ ದಾರಿಯನ್ನೂ ಕಾಣದೆ ಹುಲ್ಲಿನಲ್ಲಿ ಬಿತ್ತು. ಮತ್ತೆ ಹೊಡೆದಳು, ಮತ್ತೆ ಅಲ್ಲೇ ಬಿತ್ತು. ಆಕೆಗೆ ಅಳು ಬಂತು.

“ಅಲ್ಲಿತನಾ ಮುಟ್ಟವಲ್ದ್ರಿ ಕಾಕಾ.”

“ಮುಟ್ಟಸೂದು ಬಂದೂಕಿನ ಕೆಲಸ ಅಲ್ಲವಾ ತಂಗಿ,” ಎಂದ ಠಾಕಪ್ಪ ಸಮಾಧಾನದಿಂದ. “ಹೊರಡಸೂದಷ್ಟ ಅದರ ಕೆಲಸ. ಮುಟ್ಟಸಾಕ ಸಮಿತಿ ಐತಿ.”

ದಾರಿ ತೋರಿಸಿದವನು ಸ್ಲ್ಯಾಬಿನ ಮೇಸ್ತ್ರಿ ಗೂಡುಸಾಬ. “ಕಾಂಕ್ರೀಟು ನಾಕನೇ ಮಾಳಿಗಿಗೆ ತಾನಾಗೇ ಹಾರತೈತೇನ್ರಿ? ಸಾಲು ನಿಲ್ಲಸ್ತೀವಿ, ಕೈಯಿಂದ ಕೈಗೆ ಹೋಗತೈತಿ. ಅಷ್ಟ ಭಾರದ್ದು ಹೋಗೂ ಮುಂದ ಇಷ್ಟಕೊಂದು ಗುಂಡು ಹೋಗಂಗಿಲ್ಲೇನು?”

ಸಮಿತಿ ಚಪ್ಪಾಳೆ ತಟ್ಟಿತು. ಮರುದಿನವೇ ಪ್ರಕಟಣೆ ಹೊರಬಿತ್ತು: ‘ನೆಲಕ್ಕೆ ಬಿದ್ದ ಗುಂಡು ಗುರಿಫಲಕ ತಲುಪುವವರೆಗೂ ಅದನ್ನು ಹಾರುತ್ತಿರುವ ಗುಂಡೆಂದೇ ಪರಿಗಣಿಸತಕ್ಕದ್ದು. ಹಾರುತ್ತಿರುವ ಗುಂಡು ಕೈಯಲ್ಲಿರುವಾಗ ಯಾರೂ ತಂಬಾಕು ತಿಕ್ಕತಕ್ಕದ್ದಲ್ಲ.’

ಸಾಲಿಗೆ ಠಾಕಪ್ಪನೇ ಜನ ಒದಗಿಸಿದ. ಮಾಲೀಕರ ಮಂಡಳಿಯ ಪಂಚರು ಬಂದು ನೋಡಿದರು. ಗುಂಡನ್ನು ನಡೆಸಿಕೊಂಡು ಹೋಗಬಾರದು ಎಂದು ಸ್ಪರ್ಧೆಯ ನಿಯಮದಲ್ಲಿ ಎಲ್ಲಿಯೂ ಬರೆದಿಲ್ಲವೆಂದು ಸಮಾಧಾನಪಟ್ಟು, ಊಟ ಮಾಡಿ ಹೋದರು.

ಸ್ಪರ್ಧೆಯ ಹಿಂದಿನ ದಿನ ಠಾಕಪ್ಪ ಗೀತಾಂಜಲಿಯನ್ನು ಕರೆಸಿದ. “ನೋಡವಾ, ಈ ಪದ್ಧತಿಯೊಳಗ ಗುರಿ ಹಿಡಿಯೂ ಕೆಲಸ ಏನ ಉಳಿದಿಲ್ಲ. ಚಾಪ ಎಳದರ ಮುಗೀತು. ಅದಕ್ಕ ನಿನ್ನಂಥಾಕಿನ ಯಾಕ ಹಾಳ ಮಾಡೂಣು? ಬಂದೂಕು ಸೋಮು ಹಿಡಿತಾನ.” ಸೋಮು ಅವನ ಅಕ್ಕನ ಮಗ. “ಖರೇ ಕೆಲಸ ಇರೂದು ಸಾಲಿನ ತುದಿಗೆ. ಗುಂಡು ಫಲಕದ ನಟ್ಟನಡುವ ಒತ್ತಬೇಕು. ನಿನ್ನ ಕೈ ನಡುಗೂದಿಲ್ಲ.”

“ಹಂಗಾರ ನೌಕರಿ ಯಾರಿಗ್ರಿ ಕಾಕಾ?”

“ಹೊಡದಾವಗ,” ಎಂದ ಠಾಕಪ್ಪ.

ಸ್ಪರ್ಧೆಯ ದಿನ ಹೆಚ್ಚುಕಡಿಮೆ ಎಲ್ಲ ತಂಡಗಳೂ ತಮ್ಮ ತಮ್ಮ ಸಾಲಿನೊಂದಿಗೆ ಬಂದಿದ್ದವು, ಯಾಕೆಂದರೆ ಅವರೆಲ್ಲರ ಬಜೆಟ್ಟೂ ಪುಣೆ ನೋಡಿ ಬಂದಿತ್ತು. ಒಂದು ತಂಡ ಮಾತ್ರ ನಿಜವಾದ ದೂರದ ಬಂದೂಕು ತಂದು ನೇರವಾಗಿ ನಡುವಿಗೇ ಹೊಡೆಯಿತು. ಆ ಗುಂಡು ಯಾರ ಕೈಯಿಂದ ಯಾರ ಕೈಗೆ ಬಂತೆಂಬುದಕ್ಕೆ ಸಾಕ್ಷಿ ಇಲ್ಲದ ಕಾರಣ ಪಂಚರು ಅದನ್ನು ಅನರ್ಹಗೊಳಿಸಿದರು.

ಸೋಮು ಕಣ್ಣು ಮುಚ್ಚಿ ಚಾಪ ಎಳೆದ. ಗುಂಡು ಅವನ ಕಾಲಿನ ಹತ್ತಿರವೇ ಬಿತ್ತು. ಗೂಡುಸಾಬ ‘ಹೋಗ್ಲಿ!’ ಎಂದು ಕೂಗಿದ, ಸಾಲು ಚುರುಕಾಯಿತು. ಗುಂಡು ಕೈಯಿಂದ ಕೈಗೆ ಹಾರುತ್ತ ಬಂದು ಕೊನೆಗೆ ಸತ್ಯವ್ವನ ಕೈ ಸೇರಿತು. ಜನ ಸಾಲದೆ ಆಕೆಯನ್ನೂ ಸಾಲಿಗೆ ಹಚ್ಚಿದ್ದರು. ಆಕೆ ಪಕ್ಕದಲ್ಲಿದ್ದ ಮಗಳ ಅಂಗೈಯಲ್ಲಿ ಅದನ್ನಿಟ್ಟಳು.

ಗೀತಾಂಜಲಿ ಫಲಕವನ್ನು ನೋಡಿದಳು. ಇಷ್ಟು ಹತ್ತಿರದಿಂದ ಆಕೆ ಅದನ್ನು ಎಂದೂ ನೋಡಿರಲಿಲ್ಲ. ಅಂಚಿನಲ್ಲಿ ಒತ್ತಿಬಿಟ್ಟರೆ ಸೋಮು ಸೋಲುತ್ತಾನೆ. ಆಕೆಯ ಹೆಬ್ಬೆರಳು ಅಂಚಿನ ಕಡೆಗೆ ಹೊರಟೂ ಬಿಟ್ಟಿತು.

“ನಡುವ ಒತ್ತು ಮಗಳ,” ಎಂದಳು ಸತ್ಯವ್ವ ಮೆಲ್ಲಗೆ. “ಇಲ್ಲಂದ್ರ ಇಬ್ಬರದೂ ಇವತ್ತಿನ ಪಗಾರ ಹಿಡಿತಾರ.”

ಗೀತಾಂಜಲಿ ನಡುವೆ ಒತ್ತಿದಳು. ಕೈ ನಡುಗಲಿಲ್ಲ.

ಬೇರೆ ಯಾವ ಸಾಲಿನ ಗುಂಡೂ ಅಷ್ಟು ನಟ್ಟನಡುವೆ ಕೂತಿರಲಿಲ್ಲ. ಸೋಮುವಿಗೆ ಶಾಲು ಹೊದಿಸಿದರು. ದೂರದೃಷ್ಟಿಯ ಗುರಿಕಾರನೆಂದು ಪಂಚರು ಹೊಗಳಿದರು, ಕಾಯಂ ನೌಕರಿಯ ಆದೇಶವನ್ನು ಅಲ್ಲೇ ಕೊಟ್ಟರು. ಸಮಿತಿಯೂ ಕೃತಜ್ಞತೆ ಮರೆಯಲಿಲ್ಲ. ಮುಂದಿನ ಎಲ್ಲ ಸ್ಪರ್ಧೆಗಳಲ್ಲಿ ಸಾಲಿನ ತುದಿಯ ಜಾಗ ಗೀತಾಂಜಲಿಗೇ ಎಂದು ಠರಾವು ಮಾಡಿತು, ದಿನಗೂಲಿಯ ಮೇಲೆ. ತಾಯಿಗೂ ಪಕ್ಕದ ಜಾಗ ಖಾತ್ರಿಯಾಯಿತು.

ಸಂಜೆ ಸತ್ಯವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಬುಟ್ಟಿಗಿಂತ ಗುಂಡು ಹಗುರ, ಇನ್ನೂ ಹತ್ತು ವರ್ಷ ದುಡಿಯಬಹುದು ಎಂಬ ಸಂತೋಷ ಆಕೆಯ ಮುಖದಲ್ಲಿತ್ತು. ಪಕ್ಕದ ಮನೆಯ ಫೂಲಿಬಾಯಿ ಸಕ್ಕರೆ ಬಾಯಿಗೆ ಹಾಕಿಕೊಂಡು ಗೀತಾಂಜಲಿಯನ್ನು ಕೇಳಿದಳು, “ನಮ್ಮ ಸಣ್ಣಾಕೀನೂ ಕೆಲಸ ಇಲ್ದ ಕುಂತಾಳವಾ. ನಿಮ್ಮ ಸಾಲಿನ್ಯಾಗ ಎಲ್ಲೆರೆ ಜಾಗ ಐತೇನು?”

“ಕಾಕಾಗ ಕೇಳಿ ಹೇಳತೇನ್ರಿ ಅತ್ತಿ,” ಎಂದಳು ಗೀತಾಂಜಲಿ.